ತಕಧಿಮಿ ಎಣಿಸುತ್ತಾ ನಡೆಯುವುದು: ಕಾಯಿಲೆಯ ದಿನಗಳಿಗೆ ಗುವೊ ಲಿನ್ ನಡಿಗೆ

ಕುಳಿತಲ್ಲೇ ಒಂದು ಕೆಲಸ ಮಾಡೋಣ. ಬಲಗೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಅರ್ಧ ನಿಮಿಷ ಉಸಿರು ಎಣಿಸಿ. ಹೊಟ್ಟೆ ಉಬ್ಬಿ ಇಳಿದರೆ ಒಂದು. ಬಂದ ಸಂಖ್ಯೆಯನ್ನು ಎರಡರಿಂದ ಗುಣಿಸಿ. ಬಹುಪಾಲು ಜನರಿಗೆ 12ರಿಂದ 20ರ ನಡುವೆ ಬಂದಿರುತ್ತದೆ. ಎಣಿಸುತ್ತಿದ್ದೇವೆ ಎಂಬ ಅರಿವಿಗೇ ಉಸಿರು ಸ್ವಲ್ಪ ನಿಧಾನವಾಗುತ್ತದೆ, ಹಾಗಾಗಿ ಒಂದೆರಡು ಕಡಿಮೆ ಬಂದರೂ ಗಾಬರಿ ಬೇಡ. ಈ ಸಂಖ್ಯೆಯನ್ನು ಎಲ್ಲಾದರೂ ಬರೆದಿಟ್ಟುಕೊಳ್ಳಿ, ಮುಂದೆ ಒಂದು ಲೆಕ್ಕಕ್ಕೆ ಬೇಕಾಗುತ್ತದೆ.

ಇವತ್ತಿನ ವಿಷಯ ನಡೆಯುವ ಚೀಗಾಂಗ್. ಚೀಗಾಂಗ್ ಎಂದರೆ ಚೀನಾದಲ್ಲಿ ಉಸಿರು, ಭಂಗಿ, ಗಮನ ಮೂರನ್ನೂ ಒಟ್ಟಿಗೆ ಕಟ್ಟುವ ವ್ಯಾಯಾಮಗಳಿಗಿರುವ ಹೆಸರು. ನೂರಾರು ಬಗೆಗಳಿವೆ. ಬಹುತೇಕ ನಿಂತಲ್ಲೇ ಮಾಡುವಂಥವು. ಕ್ಯಾನ್ಸರ್ ರೋಗಿಗಳ ನಡುವೆ ಹೆಚ್ಚು ಹರಡಿರುವುದು ನಡೆಯುತ್ತಾ ಮಾಡುವ ಒಂದು ಬಗೆ. ಅದನ್ನು ರೂಪಿಸಿದವರು ಗುವೊ ಲಿನ್. ವೃತ್ತಿಯಿಂದ ಚಿತ್ರಕಲಾವಿದೆ, ಬೀಜಿಂಗಿನಲ್ಲಿ ಬೆಟ್ಟ-ನೀರಿನ ಸಾಂಪ್ರದಾಯಿಕ ಚಿತ್ರ ಬರೆಯುತ್ತಿದ್ದವರು. 1949ರಲ್ಲಿ ಗರ್ಭಕೋಶದ ಕ್ಯಾನ್ಸರ್ ಆಯಿತು, ಶಸ್ತ್ರಚಿಕಿತ್ಸೆಗಳಾದವು, ಕಾಯಿಲೆ ಮರಳಿತು. ಬಾಲ್ಯದಲ್ಲಿ ಅಜ್ಜನಿಂದ ಕಲಿತಿದ್ದ ದಾವೋ ಸಂಪ್ರದಾಯದ ವ್ಯಾಯಾಮಗಳಿಗೆ ಆಕೆ ಹಿಂತಿರುಗಿದರು. ಹುಲಿ, ಜಿಂಕೆ, ಕರಡಿ, ಕೋತಿ, ಹಕ್ಕಿ, ಈ ಐದು ಪ್ರಾಣಿಗಳ ಚಲನೆಯನ್ನು ಅನುಕರಿಸುವ ಹಳೆಯ ಪದ್ಧತಿ ಅದು. ಅದರಿಂದ ಬೇಕಾದ್ದನ್ನು ಆಯ್ದು, ಬೇಡದ್ದನ್ನು ಬಿಟ್ಟು, ನಡಿಗೆಗೆ ಜೋಡಿಸಿದರು. 1970ರ ದಶಕದ ಆರಂಭದಲ್ಲಿ ಬೀಜಿಂಗಿನ ಉದ್ಯಾನಗಳಲ್ಲಿ ಬಹಿರಂಗವಾಗಿ ಕಲಿಸತೊಡಗಿದರು. ಅದು ಸಾಂಸ್ಕೃತಿಕ ಕ್ರಾಂತಿಯ ಕಾಲ, ಹಳೆಯದೆಲ್ಲವೂ ಅನುಮಾನದ ವಸ್ತು. ಉದ್ಯಾನದಲ್ಲಿ ನಾಲ್ಕು ಜನ ಸೇರಿ ಉಸಿರೆಳೆಯುವುದಕ್ಕೂ ಧೈರ್ಯ ಬೇಕಿತ್ತು. 1984ರಲ್ಲಿ ತೀರಿಕೊಂಡರು. ಶಾಂಘಾಯಿಯಲ್ಲಿ 1989ರಲ್ಲಿ ಶುರುವಾದ ಕ್ಯಾನ್ಸರ್ ರೋಗಿಗಳ ಸಂಘದಂಥ ಗುಂಪುಗಳು ಇಂದಿಗೂ ಈ ನಡಿಗೆಯನ್ನು ಉಳಿಸಿಕೊಂಡಿವೆ.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ, ಕೊನೆಗೆ ಇಟ್ಟುಕೊಂಡರೆ ಅಷ್ಟರಲ್ಲಿ ಯಾರಾದರೂ ಎದ್ದು ಹೋಗಿರುತ್ತಾರೆ. ಈ ನಡಿಗೆ ಕ್ಯಾನ್ಸರನ್ನು ಗುಣಪಡಿಸುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. ಗುವೊ ಲಿನ್ ಅವರಿಗೂ ಶಸ್ತ್ರಚಿಕಿತ್ಸೆ ಆಗಿತ್ತು ಎಂಬುದನ್ನು ಅವರ ಕಥೆ ಹೇಳುವವರು ಮೆಲ್ಲಗೆ ಹಾರಿಸಿಬಿಡುತ್ತಾರೆ. 2018ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಒಂದು ಹೋಲಿಕೆ ಪ್ರಕಟಿಸಿದರು. ಗುಣವಾಗಬಹುದಾದ ಹಂತದ ಕ್ಯಾನ್ಸರಿಗೆ ಆಸ್ಪತ್ರೆಯ ಚಿಕಿತ್ಸೆ ಬಿಟ್ಟು ಪರ್ಯಾಯ ಪದ್ಧತಿಯನ್ನೇ ನೆಚ್ಚಿಕೊಂಡವರಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟು. ಸ್ತನ ಕ್ಯಾನ್ಸರಿನಲ್ಲಿ ಐದು ಪಟ್ಟಿಗೂ ಹೆಚ್ಚು. ಆದ್ದರಿಂದ ಕೀಮೋ ಬೇಕೋ ನಡಿಗೆ ಬೇಕೋ ಎಂಬ ಪ್ರಶ್ನೆಯೇ ಇಲ್ಲ. ಕೀಮೋ ನಡೆಯುತ್ತಿರುವಾಗ ಹಾಸಿಗೆ ಹಿಡಿಯದೆ ಇರುವುದು ಹೇಗೆ ಅನ್ನುವುದಷ್ಟೇ ನಮ್ಮ ಪ್ರಶ್ನೆ. ಅದಕ್ಕೆ ಈ ನಡಿಗೆಯ ಬಳಿ ಒಳ್ಳೆಯ ಉತ್ತರವಿದೆ.

ಏನದು ಉತ್ತರ? ಕಾಯಿಲೆಯ ಸುಸ್ತು ನಮ್ಮ ನಿಮ್ಮ ದಣಿವಿನಂತಲ್ಲ. ನಿದ್ದೆ ಮಾಡಿದರೂ ಹೋಗುವುದಿಲ್ಲ. ಮಲಗಿದಷ್ಟೂ ಸ್ನಾಯು ಕರಗುತ್ತದೆ, ಸ್ನಾಯು ಕರಗಿದಷ್ಟೂ ಸುಸ್ತು ಹೆಚ್ಚುತ್ತದೆ. ಹಾಗೆಂದು ಒಳ್ಳೆಯ ದಿನ ಬಂದ ಕೂಡಲೇ ಎದ್ದು ಒಂದು ಗಂಟೆ ಬಿರುಸಾಗಿ ನಡೆದರೆ ಮುಂದಿನ ಎರಡು ದಿನ ಏಳಲಾಗುವುದಿಲ್ಲ. ಮನೆಯವರು 'ನೋಡು, ಅದಕ್ಕೇ ಬೇಡ ಅಂದಿದ್ದು' ಅನ್ನುತ್ತಾರೆ, ನಡಿಗೆ ಅಲ್ಲಿಗೆ ನಿಲ್ಲುತ್ತದೆ. ಗುವೊ ಲಿನ್ ಪದ್ಧತಿಯಲ್ಲಿ ಉಸಿರನ್ನು ಹೆಜ್ಜೆಗೆ ಕಟ್ಟಿಹಾಕುವುದರಿಂದ ವೇಗಕ್ಕೆ ತಾನಾಗಿ ಕಡಿವಾಣ ಬೀಳುತ್ತದೆ. ಉಸಿರಿನ ಲಯ ಕೆಟ್ಟಿತೆಂದರೆ ಹೆಚ್ಚು ಮಾಡುತ್ತಿದ್ದೀರಿ ಎಂದೇ ಅರ್ಥ. ಗಡಿಯಾರ, ಮೊಬೈಲು, ಹೃದಯ ಬಡಿತದ ಪಟ್ಟಿ ಒಂದೂ ಬೇಕಿಲ್ಲ.

ಈಗ ಕೆಲಸಕ್ಕೆ ಬರೋಣ.

ಮೊದಲು ನಿಲ್ಲುವುದು. ಪಾದಗಳ ನಡುವೆ ಭುಜದಷ್ಟು ಅಗಲ, ಮಂಡಿ ಬಿಗಿಯದೆ ಕೂದಲೆಳೆಯಷ್ಟು ಸಡಿಲ. ಭುಜ ಇಳಿಬಿಡಿ. ನಾಲಿಗೆಯ ತುದಿ ಮೇಲಿನ ಅಂಗುಳಕ್ಕೆ ತಾಗಿರಲಿ. ಬಾಯಿ ಮುಚ್ಚಿರಲು, ಜೊಲ್ಲು ಸುರಿಯದಿರಲು ಅಷ್ಟು ಸಾಕು. ಕಣ್ಣು ದೂರಕ್ಕೆ, ನೆಲದ ಮೇಲಲ್ಲ. ಹೀಗೆ ಎರಡು ಮೂರು ನಿಮಿಷ. ಎಲ್ಲರೂ ಹಾರಿಸುವ ಹಂತ ಇದೇ, ರೋಗಿಗೆ ಅತಿ ಮುಖ್ಯವಾದ ಹಂತವೂ ಇದೇ. ಹಾಸಿಗೆಯಿಂದ ಎದ್ದ ಕೂಡಲೇ ರಕ್ತದೊತ್ತಡ ಇಳಿಯುವುದಿದ್ದರೆ ಇಲ್ಲೇ, ಕುರ್ಚಿಯ ಪಕ್ಕದಲ್ಲೇ, ತಲೆ ತಿರುಗಿ ಗೊತ್ತಾಗುತ್ತದೆ. ರಸ್ತೆಯ ನಡುವೆ ಗೊತ್ತಾಗುವುದಕ್ಕಿಂತ ಇದು ವಾಸಿ.

ಆಮೇಲೆ ಮೂರು ಉಸಿರು. ಎರಡೂ ಅಂಗೈಗಳನ್ನು ಒಂದರ ಮೇಲೊಂದು ಹೊಕ್ಕುಳ ಹತ್ತಿರ ಇಟ್ಟುಕೊಳ್ಳಿ. ಗಂಡಸರಿಗೆ ಎಡಗೈ ಒಳಗೆ, ಹೆಂಗಸರಿಗೆ ಬಲಗೈ ಒಳಗೆ ಎನ್ನುತ್ತದೆ ಸಂಪ್ರದಾಯ. ಅದಲುಬದಲಾದರೆ ಏನೂ ಆಗುವುದಿಲ್ಲ. ಮೊದಲು ಬಾಯಿಂದ ನಿಧಾನವಾಗಿ ಉಸಿರು ಬಿಡಿ, ಆಮೇಲೆ ಮೂಗಿನಿಂದ ತೆಗೆದುಕೊಳ್ಳಿ. ಬಿಡುವುದು ಮೊದಲು ಯಾಕೆ? ಉಬ್ಬಸ ಇರುವವರು, ಹೆದರಿದವರು ಎದೆಯಲ್ಲಿ ಗಾಳಿ ತುಂಬಿಕೊಂಡೇ ಇರುತ್ತಾರೆ. ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ಯುವುದರಲ್ಲಿ ಅರ್ಥವಿಲ್ಲ.

ಮೂರನೆಯದು ತೆರೆದು ಮುಚ್ಚುವುದು. ಹೊಕ್ಕುಳ ಮುಂದೆ ಎರಡೂ ಕೈಗಳ ಹಿಂಬದಿ ಎದುರುಬದುರಾಗಿರಲಿ, ಅಂಗೈ ಹೊರಕ್ಕೆ. ನೀರಿನ ಮೇಲಿನ ಪಾಚಿಯನ್ನು ಎರಡು ಕಡೆಗೆ ಸರಿಸುವ ಹಾಗೆ ನಿಧಾನವಾಗಿ ಅಗಲಿಸಿ, ಸೊಂಟಕ್ಕಿಂತ ಸ್ವಲ್ಪ ಆಚೆಯವರೆಗೆ. ಅಲ್ಲಿ ಅಂಗೈ ಒಳಕ್ಕೆ ತಿರುಗಿಸಿ, ಸರಿಸಿದ್ದನ್ನು ಮತ್ತೆ ಒಟ್ಟುಗೂಡಿಸುವ ಹಾಗೆ ಹೊಕ್ಕುಳಿಗೆ ತನ್ನಿ. ಮೂರು ಸಲ. ಉಸಿರಿನ ಕಡೆ ಗಮನ ಬೇಡ, ಅದರ ಪಾಡಿಗೆ ಅದು ಇರಲಿ. ಸ್ತನದ ಶಸ್ತ್ರಚಿಕಿತ್ಸೆ ಆಗಿ ಕಂಕುಳಲ್ಲಿ ಬಿಗಿತ ಇರುವವರು ನೋವು ಶುರುವಾಗುವ ಜಾಗಕ್ಕೆ ನಿಲ್ಲಿಸಿ, ಅದರಾಚೆ ಎಳೆಯಬೇಡಿ.

ಇನ್ನು ಹೆಜ್ಜೆ. ಭಾರವನ್ನೆಲ್ಲ ಬಲಗಾಲಿಗೆ ತನ್ನಿ. ಎಡಗಾಲನ್ನು ಅರ್ಧ ಹೆಜ್ಜೆ ಮುಂದಿಟ್ಟು ಹಿಮ್ಮಡಿ ಮಾತ್ರ ತಾಗಿಸಿ. ಹೆಬ್ಬೆರಳು ಆಕಾಶ ನೋಡುತ್ತಿರಬೇಕು. ಬಲಗೈ ಹೊಕ್ಕುಳ ಮುಂದೆ, ಹೊಟ್ಟೆಯಿಂದ ಒಂದು ಮುಷ್ಟಿ ದೂರ. ಎಡಗೈ ಸೊಂಟದ ಪಕ್ಕ. ಈಗ ಪಾದ ಪೂರ್ತಿ ನೆಲಕ್ಕೆ ಕೂರಲಿ, ಭಾರ ಮುಂದಕ್ಕೆ ಬರಲಿ, ಬಲ ಹಿಮ್ಮಡಿ ಏಳಲಿ, ಬಲಗಾಲು ಮುಂದೆ ಬಂದು ಅದರ ಹಿಮ್ಮಡಿ ತಾಗಲಿ. ಕೈಗಳು ಜಾಗ ಬದಲಿಸುತ್ತವೆ. ಸೈನಿಕರ ಹಾಗೆ ಹಿಂದೆ ಮುಂದೆ ಬೀಸುವುದಲ್ಲ. ಹೊಟ್ಟೆಯ ಮುಂದೆ ಅಡ್ಡಕ್ಕೆ ಬಂದು ಹೋಗಬೇಕು, ಮಜ್ಜಿಗೆ ಕಡೆಯುವಾಗ ಕೈ ಹೋಗಿ ಬರುವಂತೆ. ಸೊಂಟವೂ ತಲೆಯೂ ಅದರ ಜೊತೆ ಎಡಕ್ಕೆ ಬಲಕ್ಕೆ ಹದವಾಗಿ ತಿರುಗುತ್ತವೆ.

ಹಿಮ್ಮಡಿಗೆ ಇಷ್ಟು ಒತ್ತು ಯಾಕೆ ಎಂದು ಕೇಳಿದರೆ ಚೀನೀ ಶಿಕ್ಷಕರು ಮೂತ್ರಪಿಂಡದ ನಾಡಿ, ಪಾದದ ಬಿಂದು ಎಂದು ಹೇಳುತ್ತಾರೆ. ಆ ಲೆಕ್ಕವನ್ನು ಅಳೆಯುವ ಉಪಾಯ ನಮ್ಮಲ್ಲಿಲ್ಲ. ಅಳೆಯಬಹುದಾದ ಕಾರಣ ಬೇರೆ ಇದೆ. ಮೊಣಕಾಲ ಕೆಳಗೆ ಮುಂಗಾಲ ಮೂಳೆಯ ಹೊರಬದಿಯಲ್ಲಿ ಒಂದು ಸ್ನಾಯು ಇದೆ, ಪಾದದ ತುದಿಯನ್ನು ಎತ್ತುವುದು ಅದರ ಕೆಲಸ. ಮಲಗಿ ಮಲಗಿ ಅದು ಸೋತಿರುತ್ತದೆ, ಕೆಲವು ಕೀಮೋ ಔಷಧಗಳಿಂದ ಅದರ ನರವೂ ಮಂಕಾಗಿರುತ್ತದೆ. ಆಗ ಕಾಲು ಎಳೆದುಕೊಂಡು ನಡೆಯುತ್ತೇವೆ, ಹೊಸ್ತಿಲಿಗೆ ಎಡವುತ್ತೇವೆ. ಹೆಬ್ಬೆರಳು ಎತ್ತಿ ಹಿಮ್ಮಡಿ ಊರುವುದು ಆ ಸ್ನಾಯುವಿಗೆ ಹೆಜ್ಜೆಗೊಂದು ಪಾಠ. ಮೊದಲ ವಾರ ಮುಂಗಾಲು ನೋಯುತ್ತದೆ. ನೋಯಲಿ, ಅದು ಸ್ನಾಯು ಕೆಲಸ ಮಾಡಿದ ನೋವು. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ಒತ್ತಿದರೆ ನೋಯುತ್ತಿದ್ದರೆ ಮಾತ್ರ ಅದು ಬೇರೆ ಸಂಗತಿ. ರಕ್ತ ಹೆಪ್ಪುಗಟ್ಟಿರಬಹುದು, ನಡಿಗೆ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಹೋಗಿ.

ಹವಾಯಿ ಚಪ್ಪಲಿಯಲ್ಲಿ ಈ ನಡಿಗೆ ಆಗುವುದಿಲ್ಲ. ಬೆರಳು ಎತ್ತಿದರೆ ಚಪ್ಪಲಿಯ ಹಿಂಭಾಗ ಜೋಲುತ್ತದೆ, ಹಿಮ್ಮಡಿ ಊರುವಾಗ ಅದು ಮಡಚಿಕೊಳ್ಳುತ್ತದೆ. ತೆಳು ಅಟ್ಟೆಯ, ಹಿಂದೆ ಮುಚ್ಚಿದ, ಒಂದಳತೆ ಸಡಿಲದ ಬೂಟು ಬೇಕು. ಬರಿಗಾಲಲ್ಲಿ ಹುಲ್ಲಿನ ಮೇಲೆ ನಡೆಯುವುದು ಹಿತವೇ, ಆದರೆ ಕೀಮೋದಿಂದ ಪಾದ ಜೋಮು ಹಿಡಿದವರಿಗೆ, ಸಕ್ಕರೆ ಕಾಯಿಲೆಯವರಿಗೆ ಬೇಡ. ಮುಳ್ಳು ಚುಚ್ಚಿದ್ದು ಸಂಜೆ ರಕ್ತ ಕಂಡ ಮೇಲೆ ತಿಳಿಯುತ್ತದೆ. ಸೀರೆ ಉಡುವವರು ನೆರಿಗೆಯನ್ನು ಎರಡು ಬೆರಳು ಮೇಲೆ ಉಟ್ಟುಕೊಳ್ಳಿ. ಎತ್ತಿದ ಹೆಬ್ಬೆರಳು ಮೊದಲು ಸಿಕ್ಕಿಕೊಳ್ಳುವುದೇ ನೆರಿಗೆಗೆ.

ಈಗ ಉಸಿರು. ಚೀನೀಯರು ಇದನ್ನು ಗಾಳಿ ಉಸಿರು ಎನ್ನುತ್ತಾರೆ. ಲಯವನ್ನು 'ಶೀ, ಶೀ, ಹೂ' ಎಂದು ಬಾಯಲ್ಲಿ ಹೇಳಿಕೊಡುತ್ತಾರೆ. ಶೀ ಎಂದರೆ ಎಳೆದುಕೊಳ್ಳುವುದು, ಹೂ ಎಂದರೆ ಬಿಡುವುದು. ಎರಡು ಚಿಕ್ಕ ಎಳೆತ, ಒಂದು ಬಿಡುಗಡೆ, ಮೂರೂ ಮೂಗಿನಿಂದಲೇ. ಸದ್ದು ನಿಮ್ಮ ಕಿವಿಗೆ ಕೇಳಬೇಕು, ಪಕ್ಕದವರಿಗೆ ಕೇಳಬಾರದು. ಮಲ್ಲಿಗೆ ಮೂಸುವಾಗ ಮೂಗಿನ ತುದಿಯಲ್ಲಿ ಎಷ್ಟು ಸದ್ದಾಗುತ್ತದೋ ಅಷ್ಟೇ. ಇಲ್ಲಿ ಪ್ರಾಣಾಯಾಮ ಮಾಡಿದವರೇ ಎಡವುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ. ಭಸ್ತ್ರಿಕಾ, ಕಪಾಲಭಾತಿ ರೂಢಿಯಾದವರಿಗೆ ಸದ್ದುಳ್ಳ ಉಸಿರು ಎಂದ ಕೂಡಲೇ ಹೊಟ್ಟೆ ಕುಕ್ಕುವ ಅಭ್ಯಾಸ. ಈ ನಡಿಗೆಯಲ್ಲಿ ಹೊಟ್ಟೆಗೆ ಯಾವ ಕೆಲಸವೂ ಇಲ್ಲ. ಉಸಿರು ಹಿಡಿದಿಡುವುದೂ ಇಲ್ಲ.

ಸಾಂಪ್ರದಾಯಿಕ ಎಣಿಕೆಯಲ್ಲಿ ಒಂದು ಹೆಜ್ಜೆಗೆ ಶೀ-ಶೀ, ಮುಂದಿನ ಹೆಜ್ಜೆಗೆ ಹೂ. ಈಗ ಆಗಲೇ ಬರೆದುಕೊಂಡ ಸಂಖ್ಯೆ ತೆಗೆಯಿರಿ. ನಿಮಿಷಕ್ಕೆ 50 ಹೆಜ್ಜೆ ಇಟ್ಟರೆ, ಅದು ಬಹಳ ನಿಧಾನದ ನಡಿಗೆಯೇ, ನಿಮಿಷಕ್ಕೆ 25 ಉಸಿರಾಯಿತು. ನೀವು ಕುಳಿತು ಎಣಿಸಿದ್ದಕ್ಕಿಂತ ಎಷ್ಟು ಹೆಚ್ಚು ನೋಡಿ. ಸಹಜ ಉಸಿರಿನಲ್ಲಿ ಒಮ್ಮೆಗೆ ಸುಮಾರು ಅರ್ಧ ಲೀಟರ್ ಗಾಳಿ ಹೋಗಿ ಬರುತ್ತದೆ. 25 ಸಲ ಎಂದರೆ ಹನ್ನೆರಡೂವರೆ ಲೀಟರ್. ನಿಧಾನದ ನಡಿಗೆಗೆ ದೇಹ ಕೇಳುವುದು ಹೆಚ್ಚುಕಡಿಮೆ ಇಷ್ಟನ್ನೇ. ಲೆಕ್ಕ ಸರಿಹೋಯಿತು. ಆದರೆ 'ಆಳವಾಗಿ ಉಸಿರೆಳೆದರೆ ಒಳ್ಳೆಯದು' ಎಂದು ನಮಗೆಲ್ಲ ಯಾರೋ ತಲೆಗೆ ತುಂಬಿದ್ದಾರಲ್ಲ, ಹಾಗೆ ಒಮ್ಮೆಗೆ ಒಂದು ಲೀಟರ್ ಎಳೆದರೆ 25 ಲೀಟರ್ ಆಗುತ್ತದೆ. ದೇಹಕ್ಕೆ ಬೇಕಾದ್ದಕ್ಕಿಂತ ಇಮ್ಮಡಿ.

ಹೆಚ್ಚು ಗಾಳಿ ಹೋದರೆ ಹೆಚ್ಚು ಆಮ್ಲಜನಕ, ಒಳ್ಳೆಯದೇ ಅಲ್ಲವೇ ಎನ್ನುತ್ತೀರಿ. ಅಲ್ಲ. ಆರೋಗ್ಯವಂತ ಶ್ವಾಸಕೋಶದಲ್ಲಿ ರಕ್ತದ ಹಿಮೋಗ್ಲೋಬಿನ್ ಸಹಜ ಉಸಿರಿನಲ್ಲೇ ನೂರಕ್ಕೆ 97-98ರಷ್ಟು ಆಮ್ಲಜನಕ ತುಂಬಿಕೊಂಡಿರುತ್ತದೆ. ಬೆರಳಿಗೆ ಸಿಕ್ಕಿಸುವ ಮಾಪಕವನ್ನು ಕೋವಿಡ್ ಕಾಲದಲ್ಲಿ ಎಲ್ಲರೂ ಕೊಂಡಿದ್ದೀರಿ, ಮನೆಗೆ ಹೋಗಿ ನೋಡಿ. ತುಂಬಿದ ಬಸ್ಸಿಗೆ ಇನ್ನೆಷ್ಟು ಜನ ಹತ್ತಿಯಾರು? ಹೆಚ್ಚು ಉಸಿರಾಡಿದಾಗ ನಿಜವಾಗಿ ಆಗುವುದು ಇಂಗಾಲದ ಡೈಆಕ್ಸೈಡ್ ಕಳೆದುಹೋಗುವುದು. ಅದು ಇಳಿದರೆ ಮಿದುಳಿನ ರಕ್ತನಾಳಗಳು ಸಂಕುಚಿಸುತ್ತವೆ. ತಲೆ ಹಗುರವೆನಿಸುತ್ತದೆ, ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು ಹತ್ತುತ್ತದೆ, ಕೆಲವರಿಗೆ ಕೈ ಸೆಟೆದುಕೊಳ್ಳುತ್ತದೆ. ದುರಂತವೇನೆಂದರೆ ಇದನ್ನೇ 'ಚೀ, ಅಂದರೆ ಪ್ರಾಣಶಕ್ತಿ, ಹರಿಯುತ್ತಿದೆ', 'ಶಕ್ತಿ ಸಂಚಾರವಾಗುತ್ತಿದೆ' ಎಂದು ಹೇಳಿಕೊಡುವವರಿದ್ದಾರೆ. ರೋಗಿ ಖುಷಿಯಿಂದ ಇನ್ನೂ ಜೋರಾಗಿ ಎಳೆಯುತ್ತಾರೆ. ಜುಮುಜುಮು ಬಂದರೆ ನಿಲ್ಲಿ, ಎಣಿಕೆ ಬಿಡಿ, ಒಂದೆರಡು ನಿಮಿಷ ಸಹಜವಾಗಿ ಉಸಿರಾಡಿ, ಹೋಗುತ್ತದೆ. ಕೀಮೋದಿಂದ ಮೊದಲೇ ಜೋಮು ಇರುವವರಿಗೆ ಗುರುತಿಸುವುದು ಕಷ್ಟ. ಆ ಜೋಮು ಬಂದು ಹೋಗುವುದಿಲ್ಲ, ಇದು ನಿಂತ ಕೂಡಲೇ ಇಳಿಯುತ್ತದೆ. ಅಷ್ಟೇ ಗುರುತು.

ತೀರಾ ಮೇಲೆ ಮೇಲೆ ಎಳೆದರೂ ತಪ್ಪೇ. ಮೂಗಿನಿಂದ ಶ್ವಾಸಕೋಶದ ಗೂಡುಗಳವರೆಗಿನ ಕೊಳವೆಯಲ್ಲೇ ಸುಮಾರು 150 ಮಿಲಿಲೀಟರ್ ಗಾಳಿ ಉಳಿದುಬಿಡುತ್ತದೆ. ಒಮ್ಮೆಗೆ 300 ಮಿಲಿಲೀಟರ್ ಮಾತ್ರ ಎಳೆದರೆ ಅರ್ಧ ವ್ಯರ್ಥ.

ಆದ್ದರಿಂದ ಹೊಸಬರಿಗೆ, ಉಬ್ಬಸ ಇರುವವರಿಗೆ ನಾಲ್ಕು ಹೆಜ್ಜೆಯ ಎಣಿಕೆಯೇ ಸುರಕ್ಷಿತ. ಇದೂ ಅದೇ ಪದ್ಧತಿಯೊಳಗಿನದೇ. ಮೊದಲ ಹೆಜ್ಜೆಗೆ ಒಂದು ಎಳೆತ, ಎರಡನೆಯದಕ್ಕೆ ಇನ್ನೊಂದು, ಮೂರಕ್ಕೆ ಬಿಡುವುದು, ನಾಲ್ಕನೆಯದು ಖಾಲಿ. ನಮಗೆ ಶೀ-ಶೀ-ಹೂ ಬಾಯಿಗೆ ಕೂರುವುದಿಲ್ಲ, ತಕಧಿಮಿ ಕೂರುತ್ತದೆ. ತ ಎಳೆದುಕೊಳ್ಳಿ, ಕ ಎಳೆದುಕೊಳ್ಳಿ, ಧಿ ಬಿಡಿ, ಮಿ ಸುಮ್ಮನಿರಿ. ಆ 'ಮಿ'ಯನ್ನು ನುಂಗಬೇಡಿ. ಸಂಗೀತ ಕಲಿತವರಿಗೆ ಗೊತ್ತು, ವಿರಾಮ ನುಂಗಿದರೆ ತಾಳ ಓಡುತ್ತದೆ. ಇಲ್ಲೂ ಹಾಗೆಯೇ. 50 ಹೆಜ್ಜೆಗೆ ಈಗ ಹನ್ನೆರಡೂವರೆ ಉಸಿರು. ಎರಡು ಎಳೆತ ಸೇರಿ ಮುಕ್ಕಾಲರಿಂದ ಒಂದು ಲೀಟರ್ ಬಂದರೂ ಲೆಕ್ಕ ತಪ್ಪುವುದಿಲ್ಲ.

ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ ಇರುವವರು, ಶ್ವಾಸಕೋಶದ ಕ್ಯಾನ್ಸರಿನವರು ಮೂಗಿನಿಂದಲೇ ಬಿಡಬೇಕೆಂಬ ನಿಯಮವನ್ನು ಮುರಿಯಬಹುದು. ತುಟಿ ಚೂಪಾಗಿಸಿ, ಬಿಸಿ ಕಾಫಿ ಆರಿಸುವಷ್ಟು ಮೆಲ್ಲಗೆ, ಧಿ ಮತ್ತು ಮಿ ಎರಡರ ಮೇಲೂ ಬಿಡಿ. ಇದು ಚೀಗಾಂಗ್ ಅಲ್ಲ, ಶ್ವಾಸಕೋಶ ಪುನಶ್ಚೇತನದಲ್ಲಿ ಎಲ್ಲೆಡೆ ಕಲಿಸುವ ವಿಧಾನ. ತುಟಿಯ ತಡೆಯಿಂದ ಒಳಗಿನ ಸಣ್ಣ ಕೊಳವೆಗಳು ಕುಸಿಯದೆ ತೆರೆದಿರುತ್ತವೆ, ಸಿಕ್ಕಿಬಿದ್ದ ಗಾಳಿ ಹೊರಬರುತ್ತದೆ.

ಮಾತು ಬಂದಿದ್ದಕ್ಕೆ ಇನ್ನೊಂದು ಅಪಕಲ್ಪನೆ. ಈ ನಡಿಗೆಯ ಪುಸ್ತಿಕೆಗಳಲ್ಲಿ ಜರ್ಮನಿಯ ವಿಜ್ಞಾನಿ ಆಟೋ ವಾರ್‌ಬರ್ಗ್ ಹೆಸರು ಬರುತ್ತದೆ. 1931ರಲ್ಲಿ ನೊಬೆಲ್ ಪಡೆದವರು. ಕ್ಯಾನ್ಸರ್ ಕಣಕ್ಕೆ ಆಮ್ಲಜನಕ ಆಗದು, ಹೆಚ್ಚು ಆಮ್ಲಜನಕ ಕೊಟ್ಟರೆ ಅದು ಸಾಯುತ್ತದೆ ಎಂದು ಅವರ ಹೆಸರಿನಲ್ಲಿ ಹೇಳುತ್ತಾರೆ. ವಾರ್‌ಬರ್ಗ್ ಕಂಡದ್ದು ಬಹುಮಟ್ಟಿಗೆ ಇದರ ಉಲ್ಟಾ. ಸುತ್ತ ಆಮ್ಲಜನಕ ಧಾರಾಳವಾಗಿದ್ದರೂ ಕ್ಯಾನ್ಸರ್ ಕಣ ಸಕ್ಕರೆಯನ್ನು ಹುಳಿಬರಿಸಿಯೇ ಬದುಕುತ್ತದೆ ಎಂಬುದು ಅವರ ಹೆಸರಿನ ವಿದ್ಯಮಾನ. ಆಮ್ಲಜನಕದಿಂದ ಸಾಯುವಂತಿದ್ದರೆ ಶ್ವಾಸಕೋಶದಲ್ಲಿ ಕ್ಯಾನ್ಸರ್ ಬರಲೇಬಾರದಿತ್ತು.

ಹಾಗಾದರೆ ಪ್ರಯೋಜನ ಎಲ್ಲಿ ಕಂಡಿದೆ? 2010ರಲ್ಲಿ ಸಿಡ್ನಿಯಲ್ಲಿ 162 ಕ್ಯಾನ್ಸರ್ ರೋಗಿಗಳನ್ನು ಎರಡು ಗುಂಪು ಮಾಡಿ ಒಂದಕ್ಕೆ 10 ವಾರ ಚೀಗಾಂಗ್ ಕಲಿಸಿದರು. ಅವರಲ್ಲಿ ಸುಸ್ತು ಕಡಿಮೆಯಾಯಿತು, ಮನಸ್ಸು ಹಗುರವಾಯಿತು, ಉರಿಯೂತದ ಒಂದು ಗುರುತೂ ಇಳಿದಿತ್ತು. 2013ರಲ್ಲಿ ಶಾಂಘಾಯಿಯಲ್ಲಿ ವಿಕಿರಣ ಪಡೆಯುತ್ತಿದ್ದ 96 ಸ್ತನ ಕ್ಯಾನ್ಸರ್ ಮಹಿಳೆಯರ ಅಧ್ಯಯನ ಬಂತು. ಚೀಗಾಂಗ್ ಮಾಡಿದವರಲ್ಲಿ ಖಿನ್ನತೆ ಕಡಿಮೆಯಾಯಿತು, ನಿದ್ದೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದರಲ್ಲಿ ಕೈಜೋಡಿಸಿದ್ದ ಅಮೆರಿಕದ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಆಸ್ಪತ್ರೆಯ ತಂಡವೇ ನಮ್ಮ ಬೆಂಗಳೂರಿನ ವ್ಯಾಸ ಯೋಗ ಸಂಸ್ಥೆಯೊಂದಿಗೆ ಸೇರಿ ವಿಕಿರಣದ ಅವಧಿಯಲ್ಲಿ ಯೋಗವನ್ನೂ ಪರೀಕ್ಷಿಸಿತ್ತು. ಅದರ ಫಲಿತಾಂಶ 2014ರಲ್ಲಿ ಬಂತು, ಅಲ್ಲಿಯೂ ದೈನಂದಿನ ಚಟುವಟಿಕೆ ಸುಧಾರಿಸಿತ್ತು. ಅಂದರೆ ಯೋಗ ಮೇಲೋ ಚೀಗಾಂಗ್ ಮೇಲೋ ಎಂದು ಜಗಳವಾಡುವ ಅಗತ್ಯ ಇಲ್ಲ. ನಿಮಗೆ ಬೆಳಿಗ್ಗೆ ಎದ್ದು ಮಾಡಬೇಕೆನಿಸುವುದು ಯಾವುದೋ ಅದು. ಮತ್ತೆ 2025ರಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿನ 889 ಜನರ ಅಧ್ಯಯನ ಬಂದಿದೆ. ಶಸ್ತ್ರಚಿಕಿತ್ಸೆ, ಕೀಮೋ ಎರಡೂ ಮುಗಿದ ಮೇಲೆ ಮೂರು ವರ್ಷ ಮೇಲ್ವಿಚಾರಣೆಯಲ್ಲಿ ವ್ಯಾಯಾಮ ಮಾಡಿದವರಲ್ಲಿ ಐದು ವರ್ಷಕ್ಕೆ ಕಾಯಿಲೆ ಮರಳದೆ ಉಳಿದವರು ನೂರಕ್ಕೆ 80, ಸಲಹೆಯ ಪುಸ್ತಿಕೆ ಮಾತ್ರ ಪಡೆದವರಲ್ಲಿ 74. ಇದು ಚೀಗಾಂಗ್ ಅಲ್ಲ, ವ್ಯಾಯಾಮ. ಚಿಕಿತ್ಸೆ ಮುಗಿಸಿದ ಮೇಲಿನ ಮಾತು. ಎರಡನ್ನೂ ಬೆರೆಸಬೇಡಿ.

ಎಷ್ಟು ಹೊತ್ತು? ಚೀನಾದ ಗುಂಪುಗಳಲ್ಲಿ ದಿನಕ್ಕೆ ಎರಡು ಮೂರು ಗಂಟೆ ಮಾಡುತ್ತಾರೆ. ಆ ಸಂಖ್ಯೆ ಕೇಳಿ ಮೊದಲ ದಿನವೇ ಅದನ್ನು ಹಿಡಿಯಲು ಹೋಗಬೇಡಿ. ಕೀಮೋ ನಡೆಯುತ್ತಿರುವವರು ಮೊದಲ ವಾರ ಐದು ನಿಮಿಷದಂತೆ ದಿನಕ್ಕೆ ಎರಡು ಸಲ ಮಾಡಿ. ತೊಂದರೆ ಇಲ್ಲದಿದ್ದರೆ ವಾರಕ್ಕೆ ಎರಡು ಮೂರು ನಿಮಿಷ ಏರಿಸಿ. 15-20 ನಿಮಿಷಕ್ಕೆ ಬಂದಾಗ ನಿಂತು, ಮೂರು ಸಲ ತೆರೆದು ಮುಚ್ಚಿ, ಹತ್ತು ನಿಮಿಷ ಕುಳಿತು, ಬೇಕಿದ್ದರೆ ಇನ್ನೊಂದು ಸುತ್ತು. ಶ್ರಮವನ್ನು ಸೊನ್ನೆಯಿಂದ ಹತ್ತರೊಳಗೆ ಅಂದಾಜು ಮಾಡಿ, ಮೂರು ನಾಲ್ಕರಲ್ಲಿರಬೇಕು. ಮಾತಾಡಲು ಆಗಬೇಕು, ಹಾಡಲು ಆಗಬಾರದು. ನಿಜವಾದ ಪರೀಕ್ಷೆ ಮರುದಿನ ಬೆಳಿಗ್ಗೆ. ನಿನ್ನೆಗಿಂತ ಹೆಚ್ಚು ಸುಸ್ತಾಗಿ ಎದ್ದರೆ ಮೂರನೇ ಒಂದು ಭಾಗ ಕಡಿತ ಮಾಡಿ. ಪೂರ್ತಿ ನಿಲ್ಲಿಸಬೇಡಿ. ಮುಗಿಸುವಾಗ ಹೋದ ದಾರಿಯಲ್ಲೇ ಹಿಂತಿರುಗಬೇಕು. ತೆರೆದು ಮುಚ್ಚುವುದು, ಮೂರು ಉಸಿರು, ನಿಲ್ಲುವುದು. ಧಡಕ್ಕನೆ ನಿಂತು ಮೊಬೈಲು ಎತ್ತಿಕೊಳ್ಳುವುದಲ್ಲ.

ಮಾಡಬಾರದ ದಿನಗಳು ಯಾವುವು? ಇದನ್ನು ಆರೈಕೆ ಮಾಡುವವರು ಬರೆದುಕೊಳ್ಳಿ. ಜ್ವರ 38 ಡಿಗ್ರಿ, ಅಂದರೆ ಫ್ಯಾರನ್‌ಹೀಟಿನಲ್ಲಿ 100.4 ದಾಟಿದರೆ ನಡಿಗೆಯ ಮಾತೇ ಇಲ್ಲ, ಕೀಮೋ ಪಡೆಯುತ್ತಿರುವವರಿಗೆ ಅದು ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಹೋಗಬೇಕಾದ ತುರ್ತು. ಕೀಮೋ ಆದ 7ರಿಂದ 14ನೇ ದಿನದವರೆಗೆ ಹೆಚ್ಚಿನ ಔಷಧಗಳಲ್ಲಿ ಬಿಳಿ ರಕ್ತಕಣ ತಳ ಮುಟ್ಟಿರುತ್ತದೆ, ಆಗ ಜನ ತುಂಬಿದ ಪಾರ್ಕು ಬೇಡ, ಮನೆಯ ಮಹಡಿ ಸಾಕು. ಹಿಮೋಗ್ಲೋಬಿನ್ 8ಕ್ಕಿಂತ ಕೆಳಗೆ, ಪ್ಲೇಟ್‌ಲೆಟ್ 50,000ಕ್ಕಿಂತ ಕೆಳಗೆ ಇದ್ದರೆ ವೈದ್ಯರನ್ನು ಕೇಳಿಯೇ ಹೆಜ್ಜೆ ಇಡಿ. 20,000ಕ್ಕಿಂತ ಕೆಳಗಾದರೆ ಹಾಸಿಗೆಯಿಂದ ಬಚ್ಚಲಿಗೆ ಹೋಗಿ ಬರುವಷ್ಟೇ ವ್ಯಾಯಾಮ, ಬಿದ್ದರೆ ಒಳಗೆ ರಕ್ತ ಸೋರಬಹುದು. ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿದ್ದರೆ ಸೊಂಟ ತಿರುಗಿಸುವ ಭಾಗವನ್ನು ಪೂರ್ತಿ ಬಿಟ್ಟುಬಿಡಿ, ನೇರ ನಡೆಯಿರಿ, ಅದೂ ವೈದ್ಯರು ಎಕ್ಸ್‌ರೇ, ಸ್ಕ್ಯಾನ್ ನೋಡಿ ಸರಿ ಎಂದ ಮೇಲೆ. ಕತ್ತಿಗೆ ವಿಕಿರಣ ಆದವರು, ಕತ್ತಿನ ಸವೆತ ಇರುವವರು ತಲೆ ತಿರುಗಿಸುವುದು ಬೇಡ.

ಆಕ್ಸಾಲಿಪ್ಲಾಟಿನ್ ಎಂಬ ಔಷಧ ಪಡೆಯುವವರಿಗೆ ವಿಶೇಷವಾಗಿ ಒಂದು ಮಾತು. ಕರುಳು, ಜಠರದ ಕ್ಯಾನ್ಸರಿಗೆ ಕೊಡುತ್ತಾರೆ. ಔಷಧ ಹೋದ ಕೆಲವು ದಿನ ತಣ್ಣನೆಯದು ಏನು ತಾಗಿದರೂ ಬೆರಳು ಸಿಡಿಯುತ್ತದೆ, ತಣ್ಣನೆಯ ಗಾಳಿ ಎಳೆದರೆ ಗಂಟಲು ಕಟ್ಟಿದ ಹಾಗೆ, ಉಸಿರೇ ನಿಂತ ಹಾಗೆ ಭಾಸವಾಗುತ್ತದೆ. ಬ್ರಾಹ್ಮೀ ಮುಹೂರ್ತದಲ್ಲಿ ನಡೆಯಬೇಕು, ಚುಮುಚುಮು ಗಾಳಿ ಶ್ರೇಷ್ಠ ಎಂದು ನೆಂಟರು ಹೇಳುತ್ತಾರೆ. ಡಿಸೆಂಬರಿನ ಬೆಂಗಳೂರಿನಲ್ಲಿ, ಮಡಿಕೇರಿಯಲ್ಲಿ ಇವರು ಹಾಗೆ ಹೊರಟರೆ ಎರಡನೇ 'ಶೀ'ಗೇ ಹೆದರಿ ಕೂರುತ್ತಾರೆ. ಬಿಸಿಲು ಬಂದ ಮೇಲೆ, ಮೂಗಿಗೆ ಬಟ್ಟೆ ಸುತ್ತಿಕೊಂಡು ನಡೆಯಿರಿ. ಸ್ಟೀರಾಯ್ಡ್ ಕೊಟ್ಟ ದಿನಗಳಲ್ಲಿ ಸಕ್ಕರೆ ಏರಿರುತ್ತದೆ, ಇನ್ಸುಲಿನ್ ಪ್ರಮಾಣ ಬದಲಾಗಿರುತ್ತದೆ. ನಡಿಗೆಗೆ ಮುಂಚೆ ಒಮ್ಮೆ ಪರೀಕ್ಷಿಸಿ, ಜೇಬಿನಲ್ಲಿ ಬೆಲ್ಲವೋ ಗ್ಲೂಕೋಸೋ ಇರಲಿ.

ನಿಲ್ಲಲಾಗದವರೂ ಮಾಡಬಹುದು. ಗಟ್ಟಿ ಕುರ್ಚಿಯ ಅಂಚಿನಲ್ಲಿ ಕುಳಿತು ಒಂದೊಂದೇ ಹಿಮ್ಮಡಿ ಮುಂದಿಟ್ಟು ಬೆರಳೆತ್ತುವುದು, ಕೈ ಅಡ್ಡಕ್ಕೆ ಬೀಸುವುದು, ಅದೇ ಎಣಿಕೆ. ಎರಡು ನಿಮಿಷ ಮಾಡಿ ನೋಡಿ, ಕುಳಿತು ಮಾಡುವುದಷ್ಟೇ ಎಂದು ನಕ್ಕವರಿಗೆ ತೊಡೆ ಉತ್ತರ ಹೇಳುತ್ತದೆ.

ಮಳೆಗಾಲದ ಮಾತೊಂದು ಉಳಿದಿದೆ. ಮಲೆನಾಡಿನವರು, ಕರಾವಳಿಯವರು ಮೂರು ತಿಂಗಳು ಹೊರಗೆ ನಡೆಯುವ ಹಾಗಿಲ್ಲ. ಜಗಲಿಯೋ ನಡುಮನೆಯೋ ಹತ್ತು ಹನ್ನೆರಡು ಹೆಜ್ಜೆ ಉದ್ದವಿದ್ದರೆ ಸಾಕು. ತೊಂದರೆ ಆಗುವುದು ತಿರುಗುವಾಗ. ಒಂದೇ ಕಾಲಿನ ಮೇಲೆ ಗಿರಕಿ ಹೊಡೆದರೆ ಬೀಳುತ್ತೀರಿ. ತುದಿ ಬಂದಾಗ ಖಾಲಿ ಎಣಿಕೆಯಾದ 'ಮಿ'ಯಲ್ಲಿ ಎರಡೂ ಪಾದ ಜೋಡಿಸಿ ನಿಲ್ಲಿ, ಎಣಿಕೆ ಬಿಟ್ಟು, ಪುಟ್ಟ ಪುಟ್ಟ ನಾಲ್ಕು ಹೆಜ್ಜೆಯಲ್ಲಿ ತಿರುಗಿ, ಮತ್ತೆ 'ತ'ದಿಂದ ಶುರು ಮಾಡಿ. ಮ್ಯಾಟು, ಕಾಲೊರಸು, ಮೊಮ್ಮಗನ ಆಟಿಕೆ ಎಲ್ಲ ಎತ್ತಿಡಿ. ಜೊತೆಗೆ ನಡೆಯುವವರು ಕೈ ಹಿಡಿಯಬೇಡಿ, ಹಿಡಿದರೆ ಬೀಸು ನಿಂತು ಸಮತೋಲ ಇನ್ನೂ ಕೆಡುತ್ತದೆ. ರೋಗಿಯ ದುರ್ಬಲ ಬದಿಗೆ, ಅರ್ಧ ಹೆಜ್ಜೆ ಹಿಂದೆ, ಬೇಕಾದರೆ ಸೊಂಟ ಹಿಡಿಯುವಷ್ಟು ಹತ್ತಿರ ಇರಿ. ಎಣಿಕೆಯನ್ನು ನೀವೇ ಮೆಲ್ಲಗೆ ಹೇಳುತ್ತಾ ಹೋಗಿ, ಅವರ ಕಾಲಿನ ವೇಗಕ್ಕೆ, ನಿಮ್ಮ ಕಾಲಿನದ್ದಕ್ಕಲ್ಲ.